ತೆಳು ರಫ್‌ಗೆ ದಟ್ಟ ರಫ್‌ನ ಪಾಠ

ಫೇರ್‌ವೇ ಅಂಚಿನಿಂದ ನಾಲ್ಕು ಹೆಜ್ಜೆ ಆಚೆ ಬಾಲ್ ಬಿದ್ದಿದೆ. ಹುಡುಕುವ ಕಷ್ಟವಿಲ್ಲ, ದೂರದಿಂದಲೇ ಬೆಳ್ಳಗೆ ಕಾಣುತ್ತಿದೆ. ಹುಲ್ಲು ಎರಡು ಬೆರಳಿನಷ್ಟು ಎತ್ತರ, ಅದರ ಮೇಲೆ ಬಾಲ್ ಯಾರೋ ಜೋಪಾನವಾಗಿ ಇಟ್ಟಂತೆ ಕೂತಿದೆ. ಗ್ರೀನ್‌ಗೆ 150 ಗಜ. ಆಟಗಾರ ನಿಟ್ಟುಸಿರು ಬಿಟ್ಟು, ಆ ದೂರಕ್ಕೆ ಯಾವಾಗಲೂ ತೆಗೆಯುವ 7 ಐರನ್ ತೆಗೆಯುತ್ತಾನೆ. ಎಷ್ಟಾದರೂ ರಫ್ ಅಲ್ಲವೇ ಎಂದು ಕೊಂಚ ಜೋರಾಗಿಯೇ ಬೀಸುತ್ತಾನೆ. ಹೊಡೆತ ಸೊಗಸಾಗಿಯೇ ಕೂರುತ್ತದೆ. ಬಾಲ್ ಮಾತ್ರ ಧ್ವಜದ ನೆತ್ತಿಯ ಮೇಲೆ ಹಾದು, ಗ್ರೀನ್‌ನ ಹಿಂದಿನ ಇಳಿಜಾರಿಗೆ ಬಿದ್ದು, ಪೊದೆಯ ಬುಡಕ್ಕೆ ಹೋಗಿ ನಿಲ್ಲುತ್ತದೆ. ಅವನ ಬೀಸಿನಲ್ಲಿ ತಪ್ಪು ಹುಡುಕಿದರೆ ಸಿಗದು. ಅವನಿಗೆ ಹೇಳಿಕೊಟ್ಟ ಪಾಠದಲ್ಲಿ ಹುಡುಕಬೇಕು.

ಆ ಪಾಠ ಗಾಲ್ಫ್ ಆಡುವ ಎಲ್ಲರಿಗೂ ಬಾಯಿಪಾಠ. ರಫ್‌ಗೆ ಬಿದ್ದರೆ ಬಾಲನ್ನು ಹಿಂಗಾಲಿನ ಕಡೆಗೆ ತಂದುಕೊಳ್ಳಿ, ಗ್ರಿಪ್ ಬಿಗಿ ಹಿಡಿಯಿರಿ, ಕ್ಲಬ್‌ಫೇಸ್ ಸ್ವಲ್ಪ ತೆರೆಯಿರಿ, ಮೇಲಿನಿಂದ ಕಡಿದಾಗಿ ಇಳಿಸಿ, ಧೈರ್ಯವಾಗಿ ಹೊಡೆಯಿರಿ. ಐದೂ ಸಲಹೆಗಳಿಗೆ ಒಳ್ಳೆಯ ಕಾರಣವಿದೆ, ಆದರೆ ಐದೂ ಹುಟ್ಟಿದ್ದು ಕಣಕಾಲು ಮುಚ್ಚುವ ಹುಲ್ಲಿಗಾಗಿ. ಫೇರ್‌ವೇ ಪಕ್ಕದ ತೆಳು ರಫ್‌ಗೂ ಅದನ್ನೇ ಅನ್ವಯಿಸುವುದು, ನೆಗಡಿಗೂ ಮಲೇರಿಯಾಗೂ ಒಂದೇ ಮಾತ್ರೆ ಕೊಟ್ಟ ಹಾಗೆ. ಆಟಗಾರರ ಹೊಡೆತಕ್ಕಿಂತ ಮೊದಲು ಈ ಪಾಠವೇ ವಿಮರ್ಶೆಗೆ ಒಳಗಾಗಬೇಕು.

ಮೊದಲಿಗೆ ಒಂದು ವಿಚಿತ್ರ. ಗಾಲ್ಫ್‌ನ ನಿಯಮಪುಸ್ತಕದಲ್ಲಿ ರಫ್ ಎಂಬುದಕ್ಕೆ ವ್ಯಾಖ್ಯೆಯೇ ಇಲ್ಲ. 2019ರಲ್ಲಿ ಪರಿಷ್ಕರಿಸಿದ ನಿಯಮಗಳ ಪ್ರಕಾರ ಟೀಯಿಂಗ್ ಏರಿಯಾ, ಬಂಕರ್, ಪೆನಾಲ್ಟಿ ಏರಿಯಾ, ಪಟಿಂಗ್ ಗ್ರೀನ್ ಬಿಟ್ಟು ಉಳಿದದ್ದೆಲ್ಲ ‘ಜನರಲ್ ಏರಿಯಾ’. ನುಣ್ಣನೆಯ ಫೇರ್‌ವೇಯೂ ಅದೇ, ಪಕ್ಕದ ಹುಲ್ಲೂ ಅದೇ. ಹಾಗಾಗಿ ರಫ್ ಎಲ್ಲಿ ಶುರು, ಎಷ್ಟು ಎತ್ತರ ಎಂಬುದನ್ನು ತೀರ್ಮಾನಿಸುವುದು ಮೈದಾನ ನೋಡಿಕೊಳ್ಳುವವರ ಹುಲ್ಲು ಕತ್ತರಿಸುವ ಯಂತ್ರ.

ಅಮೆರಿಕದ ಆಗಸ್ಟಾ ನ್ಯಾಷನಲ್ ಇದಕ್ಕೆ ಒಳ್ಳೆಯ ಉದಾಹರಣೆ. ಮಾಸ್ಟರ್ಸ್ ಟೂರ್ನಿ ನಡೆಯುವ ಈ ಮೈದಾನದಲ್ಲಿ ಬಹುಕಾಲ ರಫ್ ಇರಲೇ ಇಲ್ಲ. 1999ರಲ್ಲಿ ಫೇರ್‌ವೇ ಅಂಚಿನ ಹುಲ್ಲನ್ನು ಒಂದೂಕಾಲು ಇಂಚಿಗಿಂತ ತುಸು ಹೆಚ್ಚು, ಅಂದರೆ ಸುಮಾರು ಮೂರೂವರೆ ಸೆಂಟಿಮೀಟರ್ ಬೆಳೆಯಲು ಬಿಟ್ಟರು. ಅದನ್ನೂ ರಫ್ ಎನ್ನದೆ ‘ಸೆಕೆಂಡ್ ಕಟ್’ ಎಂದು ಕರೆದರು. ಯು.ಎಸ್. ಓಪನ್ ಬೇರೆ ದಾರಿ ಹಿಡಿಯಿತು. 2006ರಲ್ಲಿ ವಿಂಗ್ಡ್ ಫುಟ್ ಮೈದಾನದಲ್ಲಿ ಟೂರ್ನಿ ನಡೆಸುವ ಸಂಸ್ಥೆಯ ಮೈಕ್ ಡೇವಿಸ್ ಮೆಟ್ಟಿಲು ಮೆಟ್ಟಿಲಾದ ರಫ್ ತಂದರು: ಫೇರ್‌ವೇಯಿಂದ ಸ್ವಲ್ಪ ತಪ್ಪಿದವನಿಗೆ ಗಿಡ್ಡ ಹುಲ್ಲು, ದೂರ ತಪ್ಪಿದವನಿಗೆ ಉದ್ದ ಹುಲ್ಲು. ಸಣ್ಣ ತಪ್ಪಿಗೆ ಸಣ್ಣ ಶಿಕ್ಷೆ, ದೊಡ್ಡ ತಪ್ಪಿಗೆ ದೊಡ್ಡ ಶಿಕ್ಷೆ ಎಂಬ ಈ ವಿಚಾರ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಎರಡು ಬಗೆಯ ಹುಲ್ಲು ಕೊಡುವ ಶಿಕ್ಷೆ ಅಳತೆಯಲ್ಲಿ ಮಾತ್ರ ಬೇರೆಯಲ್ಲ, ದಿಕ್ಕಿನಲ್ಲೂ ಬೇರೆ. ದಟ್ಟ ರಫ್ ದೂರವನ್ನು ಕಸಿಯುತ್ತದೆ. ತೆಳು ರಫ್ ಕೇಳದೆಯೇ ದೂರ ಕೊಡುತ್ತದೆ.

ಕಸಿಯುವುದಕ್ಕೆ ಸಾಕ್ಷಿ 1999ರ ಬ್ರಿಟಿಷ್ ಓಪನ್. ಕಾರ್ನೂಸ್ಟಿಯ ಕೊನೆಯ ಹೋಲ್‌ಗೆ ಮೂರು ಸ್ಟ್ರೋಕ್ ಮುನ್ನಡೆಯೊಂದಿಗೆ ಬಂದ ಫ್ರಾನ್ಸ್‌ನ ಜಾನ್ ವಾನ್ ಡ ವೆಲ್ಡ್ ಅವರ ಎರಡನೇ ಹೊಡೆತ ಪ್ರೇಕ್ಷಕರ ಅಟ್ಟಣೆಗೆ ಬಡಿದು ಹಿಂದಕ್ಕೆ ಪುಟಿದು ದಟ್ಟ ಹುಲ್ಲಿಗೆ ಬಿತ್ತು. ಅಲ್ಲಿಂದ ಬ್ಯಾರಿ ಬರ್ನ್ ಎಂಬ ತೊರೆ ದಾಟಿಸಲು ಬೀಸಿದರೆ ಹುಲ್ಲು ಕ್ಲಬ್ಬನ್ನೇ ಹಿಡಿದುಕೊಂಡಿತು, ಬಾಲ್ ನೀರಿಗೆ ಹೋಯಿತು. ಆ ಹೋಲ್‌ನಲ್ಲಿ ಅವರ ಲೆಕ್ಕ 7. ಪ್ಲೇಆಫ್‌ನಲ್ಲಿ ಪಾಲ್ ಲಾರಿ ಗೆದ್ದರು. ದಟ್ಟ ರಫ್ ಏನು ಮಾಡುತ್ತದೆ ಎಂಬುದನ್ನು ಲೋಕವೇ ಕಂಡಿತು. ಕೋಚಿಂಗ್ ಪುಸ್ತಕಗಳ ಭಯ ಹುಟ್ಟಿದ್ದೂ ಇಂಥ ದೃಶ್ಯಗಳಿಂದಲೇ.

ತೆಳು ರಫ್ ಕೊಡುವ ದೂರಕ್ಕೆ ಇಂಥ ನಾಟಕವಿಲ್ಲ, ಆದ್ದರಿಂದ ಅದರ ಮೇಲೆ ಯಾರ ಕಣ್ಣೂ ಬೀಳುವುದಿಲ್ಲ. ಅದು ನಡೆಯುವ ಬಗೆ ಸರಳ. ಐರನ್‌ನ ಮುಖದ ಮೇಲೆ ಅಡ್ಡಕ್ಕೆ ಕೊರೆದ ಗೆರೆಗಳಿವೆ, ಗ್ರೂವ್‌ಗಳು. ಬಾಲ್ ಮತ್ತು ಮುಖದ ನಡುವೆ ಸಿಕ್ಕುವ ಹುಲ್ಲು, ನೀರನ್ನು ಆಚೆ ಕಳಿಸಿ ಬಾಲನ್ನು ಹಿಡಿದುಕೊಳ್ಳಲು ನೆರವಾಗುವುದು ಅವುಗಳ ಕೆಲಸ. ಹಿಡಿತ ಇದ್ದಷ್ಟೂ ಬಾಲ್ ಹಿಮ್ಮುಖವಾಗಿ ತಿರುಗುತ್ತದೆ. ಹಾಗೆ ತಿರುಗುವ ಬಾಲ್ ಗ್ರೀನ್ ಮೇಲೆ ಬಿದ್ದೊಡನೆ ನಿಲ್ಲುತ್ತದೆ. ತೆಳು ರಫ್‌ನಲ್ಲಿ ಕ್ಲಬ್ಬಿನ ವೇಗ ತಗ್ಗಿಸುವಷ್ಟು ಹುಲ್ಲಿರುವುದಿಲ್ಲ, ಆದರೆ ಹಿಡಿತ ತಪ್ಪಿಸುವಷ್ಟು ಇರುತ್ತದೆ. ನಾಲ್ಕು ಎಸಳು ನಡುವೆ ಸಿಕ್ಕಿಕೊಂಡರೂ ಸಾಕು, ಬಾಲ್ ಮುಖದ ಮೇಲೆ ಜಾರಿ, ತಿರುಗುವುದು ಕಡಿಮೆಯಾಗಿ, ದೂರ ಹಾರಿ, ಬಿದ್ದ ಮೇಲೂ ಓಡುತ್ತದೆ. ಇದೇ ‘ಫ್ಲೈಯರ್’. ಮಧ್ಯದ ಐರನ್‌ಗಳಲ್ಲಿ ಇದರ ಆಟ ಜಾಸ್ತಿ, ಇಬ್ಬನಿಯ ಬೆಳಗಿನಲ್ಲಿ ಮತ್ತೂ ಜಾಸ್ತಿ. ವೇಗವಾಗಿ ಬೀಸುವವನಿಗೆ ಹತ್ತು ಹದಿನೈದು ಗಜ ಹೆಚ್ಚಾಗುವುದು ಸಾಮಾನ್ಯ. ನಿಧಾನ ಬೀಸುವವನಿಗೆ ಅಷ್ಟಿಲ್ಲ.

ನಿಯಮ ಮಾಡುವವರು ಗ್ರೂವ್‌ಗಳ ಈ ಹಿಡಿತವನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡರೆಂದರೆ, 2010ರ ಜನವರಿಯಿಂದ ವೃತ್ತಿಪರ ಟೂರ್‌ಗಳಲ್ಲಿ ಆಳವಾದ, ಚೂಪು ಅಂಚಿನ ಗ್ರೂವ್‌ಗಳಿಗೆ ಮಿತಿ ಹೇರಿದರು. ರಫ್‌ನಿಂದಲೂ ಬಾಲ್ ನಿಲ್ಲಿಸಬಲ್ಲವನಿಗೆ ಫೇರ್‌ವೇ ತಪ್ಪುವ ಭಯವೇ ಇಲ್ಲವಾಗಿದೆ ಎಂಬುದು ಅವರ ತಕರಾರು. ಅದೇ ತಿಂಗಳು ಫಿಲ್ ಮಿಕಲ್‌ಸನ್ ಹಳೆಯ ಪಿಂಗ್ ಐ 2 ವೆಜ್ ಹಿಡಿದು ಆಡಲಿಳಿದರು. 1990ರ ಏಪ್ರಿಲ್‌ಗಿಂತ ಮೊದಲು ತಯಾರಾದ ಆ ಕ್ಲಬ್‌ಗಳಿಗೆ ನ್ಯಾಯಾಲಯದ ಹಳೆಯ ರಾಜಿಯೊಂದರಿಂದ ವಿನಾಯಿತಿ ಇತ್ತು. ಸಹ ಆಟಗಾರರೊಬ್ಬರು ಅದನ್ನು ಮೋಸವೆಂದೇ ಕರೆದು ದೊಡ್ಡ ಗದ್ದಲವಾಯಿತು. ಇಷ್ಟು ಜಗಳ ನಡೆದದ್ದು ಎಸಳು ಹುಲ್ಲು ಮತ್ತು ಕೂದಲೆಳೆಯಷ್ಟು ಗೆರೆಯ ನಡುವಿನ ಲೆಕ್ಕಾಚಾರದ ಮೇಲೆ.

ಹಾಗಾದರೆ ರಫ್‌ಗೆ ಬಿದ್ದರೆ ನಷ್ಟ ಎಷ್ಟು? ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಕ್ ಬ್ರೋಡಿ ಪಿ.ಜಿ.ಎ. ಟೂರ್‌ನ ಲಕ್ಷಾಂತರ ಹೊಡೆತಗಳನ್ನು ಲೆಕ್ಕ ಹಾಕಿ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಫೇರ್‌ವೇಯಲ್ಲಿ 160 ಗಜದಿಂದ ಹೋಲ್ ಮುಗಿಸಲು ವೃತ್ತಿಪರರಿಗೆ ಸರಾಸರಿ 2.98 ಹೊಡೆತ ಬೇಕು, ರಫ್‌ನಲ್ಲಿ ಅದೇ ದೂರದಿಂದ 3.23. ಅಂದರೆ ಕಾಲು ಹೊಡೆತದ ನಷ್ಟ. ಅವರ ಕೋಷ್ಟಕದ ಇನ್ನೊಂದು ಸಾಲು ಇದಕ್ಕಿಂತ ಸ್ವಾರಸ್ಯ: ರಫ್‌ನಲ್ಲಿ 120 ಗಜ ಇದ್ದರೂ ಫೇರ್‌ವೇಯಲ್ಲಿ 180 ಗಜ ಇದ್ದರೂ ಸರಾಸರಿ 3.08. ಅರವತ್ತು ಗಜ ಮುಂದೆ ಹೋದ ಲಾಭವನ್ನೆಲ್ಲ ಹುಲ್ಲು ತಿಂದುಹಾಕುತ್ತದೆ. ಆದರೆ ಈ ಕೋಷ್ಟಕಕ್ಕೂ ಒಂದು ಮಿತಿಯಿದೆ. ಅದು ಎರಡು ಬೆರಳಿನ ಹುಲ್ಲನ್ನೂ ಮೊಣಕಾಲಿನ ಹುಲ್ಲನ್ನೂ ಒಂದೇ ಖಾನೆಗೆ ಹಾಕುತ್ತದೆ. ಬಾಯಿಪಾಠ ಮಾಡುವ ತಪ್ಪೂ ಅದೇ.

ಈಗ ಐದು ಸಲಹೆಗಳನ್ನು ಒಂದೊಂದಾಗಿ ತೂಗಬಹುದು.

ಬಾಲನ್ನು ಹಿಂಗಾಲಿಗೆ ತಂದು ಕಡಿದಾಗಿ ಇಳಿಸುವುದರ ಉದ್ದೇಶ, ಬಾಲಿಗಿಂತ ಮೊದಲು ಸಿಕ್ಕುವ ಹುಲ್ಲನ್ನು ಕಡಿಮೆ ಮಾಡುವುದು. ಬಾಲ್ ಹುಲ್ಲೊಳಗೆ ಹೂತಿದ್ದರೆ ಇದು ನೂರಕ್ಕೆ ನೂರು ಸರಿ, ತೆಳು ರಫ್‌ನಲ್ಲಿ ಅರ್ಧ ಇಳಿದಿದ್ದರೂ ಸರಿ. ಆದರೆ ಬಾಲ್ ಎಸಳುಗಳ ಮೇಲೆ ತೇಲುತ್ತಿದ್ದರೆ ಕಡಿದಾಗಿ ಇಳಿದ ಕ್ಲಬ್ ಅದರ ಅಡಿಯಲ್ಲೇ ನುಸುಳುತ್ತದೆ. ಬಾಲ್ ಮುಖದ ಮೇಲಂಚಿಗೆ ತಗುಲಿ ಮೇಲಕ್ಕೆ ನೆಗೆದು ಮುಂದೆಯೇ ಬೀಳುತ್ತದೆ. ವೆಜ್ ಹಿಡಿದವರಿಗೆ ಈ ಅನುಭವ ಹೊಸದಲ್ಲ. ತೇಲುವ ಬಾಲಿಗೆ ಬೇಕಾದದ್ದು ಗುಡಿಸುವ ಬೀಸು.

ಗ್ರಿಪ್ ಬಿಗಿ ಹಿಡಿಯುವುದು, ಫೇಸ್ ತೆರೆಯುವುದು ಎರಡೂ ಒಂದೇ ಭಯದ ಮಕ್ಕಳು. ದಟ್ಟ ಹುಲ್ಲು ಕ್ಲಬ್ಬಿನ ಕುತ್ತಿಗೆಗೆ ಸುತ್ತಿಕೊಂಡು ಮುಖವನ್ನು ಎಡಕ್ಕೆ ಮುಚ್ಚಿಬಿಡುತ್ತದೆ. ಅದನ್ನು ತಡೆಯಲು ಈ ಎರಡು ಮುಂಜಾಗ್ರತೆ. ಎರಡು ಬೆರಳಿನ ಹುಲ್ಲಿಗೆ ಆ ಶಕ್ತಿಯಿಲ್ಲ. ಇಲ್ಲದ ಎಳೆತಕ್ಕೆ ಮುಖ ತೆರೆದವನ ಬಾಲ್ ಬಲಕ್ಕೆ ಹೋಗುತ್ತದೆ. ಮುಂಗೈವರೆಗೆ ಬಿಗಿ ಮಾಡಿಕೊಂಡವನ ಬೀಸಿನ ಲಯವೇ ಸತ್ತುಹೋಗುತ್ತದೆ. ಮೇಲಿನ ಕೈಯ ಕೊನೆಯ ಮೂರು ಬೆರಳು ತುಸು ಗಟ್ಟಿಯಾದರೆ ಸಾಕು.

ಧೈರ್ಯವಾಗಿ ಹೊಡೆಯಿರಿ ಎಂಬುದು ಐದರಲ್ಲಿ ಅತ್ಯಂತ ಕೆಟ್ಟ ಸಲಹೆ. ಫ್ಲೈಯರ್ ಮೊದಲೇ ದೂರ ಕೊಡುತ್ತಿದೆ, ಆಟಗಾರ ಅದರ ಮೇಲೆ ಇನ್ನಷ್ಟು ಸುರಿಯುತ್ತಾನೆ. ಇಲ್ಲಿ ಮಾಡಬೇಕಾದದ್ದು ಒಂದು ಕ್ಲಬ್ ಕಡಿಮೆ ತೆಗೆದು, ಎಂದಿನ ಬೀಸು ಬೀಸಿ, ಧ್ವಜದ ಬದಲು ಗ್ರೀನ್‌ನ ಮುಂಭಾಗಕ್ಕೆ ಗುರಿ ಇಡುವುದು. ಗ್ರೀನ್‌ನ ಬಾಯಿಗೇ ಬಂಕರ್ ಇದ್ದರೆ ಲೆಕ್ಕ ಬೇರೆ: ಆಗ ಗ್ರೀನ್‌ನ ಅಗಲವಾದ ಭಾಗ ಯಾವುದೋ ಅದೇ ಗುರಿ.

ಇವೆಲ್ಲಕ್ಕೂ ಮೊದಲು ಬಾಲ್ ಹೇಗೆ ಕೂತಿದೆ ಎಂದು ಓದಬೇಕು. ನುರಿತ ಕ್ಯಾಡಿಗಳು ಮಾಡುವುದನ್ನು ಗಮನಿಸಿದರೆ ಅರ್ಧ ಪಾಠ ಅಲ್ಲೇ ಸಿಗುತ್ತದೆ. ಬ್ಯಾಗಿಗೆ ಕೈ ಹಾಕುವ ಮೊದಲು ಅವರು ಬಾಲಿನ ಹಿಂದೆ ಬಂದು ಬಗ್ಗುತ್ತಾರೆ. ಬಾಲಿನ ಹಿಂಭಾಗ ಪೂರ್ತಿ ಕಾಣುತ್ತಿದೆಯೇ, ಎಸಳು ಅಡ್ಡ ಇದೆಯೇ? ಹುಲ್ಲು ಗ್ರೀನ್ ಕಡೆ ವಾಲಿದೆಯೇ, ಆಟಗಾರನ ಕಡೆಗೋ? ಒದ್ದೆ ಇದೆಯೇ? ಮೂರು ಪ್ರಶ್ನೆ, ಹತ್ತು ಸೆಕೆಂಡ್. ಮುಂದಕ್ಕೆ ವಾಲಿದ ಹುಲ್ಲು ಫ್ಲೈಯರ್‌ಗೆ ದಾರಿ ಮಾಡಿಕೊಡುತ್ತದೆ. ಎದುರು ವಾಲಿದ್ದು ಕ್ಲಬ್ಬನ್ನು ತಡೆಯುತ್ತದೆ. ‘ಸಾರ್, ಇದು ಹಾರುತ್ತೆ, ಎಂಟು ಸಾಕು’ ಎಂಬ ಮಾತು ಬರುವುದು ಆ ಹತ್ತು ಸೆಕೆಂಡಿನ ನಂತರ. ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದ ಚಿನ್ನಸ್ವಾಮಿ ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು ಎಂಬುದನ್ನು ಇಲ್ಲಿ ನೆನೆಯಬಹುದು. ಬಗ್ಗಿ ನೋಡುವ ಕೆಲಸ ಕಲಿಕೆಯೂ ಹೌದು.

ಓದುವ ಭರದಲ್ಲಿ ನಿಯಮ ಮರೆಯಬಾರದು. ಬಾಲಿನ ಹಿಂದಿನ ಹುಲ್ಲನ್ನು ಕ್ಲಬ್ಬಿನಿಂದ ಒತ್ತಿ ಚಪ್ಪಟೆ ಮಾಡಿ ಜಾಗ ಸುಧಾರಿಸಿಕೊಂಡರೆ ಸ್ಟ್ರೋಕ್ ಪ್ಲೇಯಲ್ಲಿ ಎರಡು ಸ್ಟ್ರೋಕ್ ದಂಡ. ಕ್ಲಬ್ಬನ್ನು ಹಗುರವಾಗಿ ನೆಲಕ್ಕೆ ತಾಗಿಸಬಹುದು, ಆದರೆ ತೇಲುವ ಬಾಲ್ ಅಷ್ಟಕ್ಕೇ ಅಲುಗಿದರೆ ಒಂದು ಸ್ಟ್ರೋಕ್ ಹೋಯಿತು. ಅದಕ್ಕೇ ಅನುಭವಿಗಳು ಕ್ಲಬ್ಬನ್ನು ಹುಲ್ಲಿನ ಮೇಲೆ ತೂಗಿಟ್ಟುಕೊಂಡೇ ಬೀಸುತ್ತಾರೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಅದೇ ಬಗೆಯ ಹುಲ್ಲಿನಲ್ಲಿ ಬೀಸಿ ನೋಡಲು ಯಾವ ಅಡ್ಡಿಯೂ ಇಲ್ಲ. ಹುಲ್ಲು ಎಷ್ಟು ಹಿಡಿಯುತ್ತದೆ ಎಂದು ಕೈಗೆ ತಿಳಿಯುವುದು ಆಗಲೇ.

ಹುಲ್ಲಿನ ಜಾತಿಯ ಬಗ್ಗೆಯೂ ಒಂದು ಮಾತು. ವಿದೇಶಿ ಕೋಚ್‌ಗಳ ಸಲಹೆಗಳಲ್ಲಿ ಬರುವ ‘ಬರ್ಮುಡಾ ಗ್ರಾಸ್’ ನಮಗೆ ಪರಕೀಯವಲ್ಲ. ಗಣೇಶನಿಗೆ ಏರಿಸುವ ಗರಿಕೆಯೇ ಅದು. ಮೈದಾನದಲ್ಲಿ ಅದರ ತಳಿಗಳನ್ನೂ ಮಿಶ್ರತಳಿಗಳನ್ನೂ ಬೆಳೆಸುತ್ತಾರೆ. ಗರಿಕೆ ಕಿತ್ತವರಿಗೆ ಗೊತ್ತು, ಗೆಣ್ಣು ಗೆಣ್ಣಿಗೆ ಬೇರು ಬಿಟ್ಟು ನೆಲಕ್ಕೆ ಹೆಣೆದುಕೊಂಡಿರುತ್ತದೆ. ಅದರಲ್ಲಿ ಬಾಲ್ ಮೇಲೆ ನಿಲ್ಲುವುದಕ್ಕಿಂತ ಸಂದಿಗೆ ಇಳಿಯುವುದೇ ಹೆಚ್ಚು. ತಂಪು ನಾಡಿನ ರೈ, ಫೆಸ್ಕ್ಯೂ ಹುಲ್ಲುಗಳ ಎಸಳು ನೆಟ್ಟಗೆ ನಿಲ್ಲುತ್ತದೆ, ಬಾಲ್ ಮೇಲೆ ತೇಲುತ್ತದೆ. ಇಂಗ್ಲೆಂಡಿನಲ್ಲಿ ಚಿತ್ರೀಕರಿಸಿದ ಪಾಠವನ್ನು ಗರಿಕೆಯ ಮೇಲೆ ಹಾಗೇ ಆಡಲು ಹೋದವನು ಕೈ ಸುಟ್ಟುಕೊಳ್ಳುತ್ತಾನೆ.

ರಫ್‌ನಿಂದಲೇ ಗೆದ್ದವರ ಕಥೆಗಳೂ ದಾರಿ ತಪ್ಪಿಸುತ್ತವೆ. 1979ರಲ್ಲಿ ರಾಯಲ್ ಲಿಥಮ್‌ನಲ್ಲಿ ಸೆವೆ ಬ್ಯಾಲೆಸ್ಟೆರೋಸ್ ಕೊನೆಯ ದಿನ 16ನೇ ಹೋಲ್‌ನಲ್ಲಿ ತಾತ್ಕಾಲಿಕ ಕಾರ್ ಪಾರ್ಕಿಗೆ ಹೊಡೆದೂ ಬರ್ಡಿ ಪಡೆದು ಬ್ರಿಟಿಷ್ ಓಪನ್ ಗೆದ್ದರು. 2020ರಲ್ಲಿ ವಿಂಗ್ಡ್ ಫುಟ್‌ನಲ್ಲಿ ಬ್ರೈಸನ್ ಡಿಶಾಂಬೋ 56 ಫೇರ್‌ವೇಗಳಲ್ಲಿ 23ಕ್ಕೆ ಮಾತ್ರ ಬಾಲ್ ತಲುಪಿಸಿ ಆರು ಸ್ಟ್ರೋಕ್ ಅಂತರದಿಂದ ಯು.ಎಸ್. ಓಪನ್ ಗೆದ್ದರು. ಗ್ರೂವ್ ನಿಯಮ ಬಂದು ಹತ್ತು ವರ್ಷವಾಗಿದ್ದರೂ ರಫ್ ಅವರನ್ನು ತಡೆಯಲಿಲ್ಲ. ಆದರೆ ಅವರು ಗ್ರೀನ್‌ಗೆ ಅಷ್ಟು ಹತ್ತಿರ ಹೋಗಿರುತ್ತಿದ್ದರು, ಹುಲ್ಲಿನಿಂದ ವೆಜ್ ಹೊಡೆದರೆ ಸಾಕಾಗುತ್ತಿತ್ತು. ಆ ತೋಳಿನ ಬಲ ಇಲ್ಲದವರಿಗೆ ಹೆಚ್ಚು ಕಲಿಸುವವರು ಬೆಂಗಳೂರಿನ ಅದಿತಿ ಅಶೋಕ್. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ತನಗಿಂತ ಬಹುದೂರ ಹೊಡೆಯುವವರ ನಡುವೆ ಆಡಿ, ಕಂಚಿಗೆ ಒಂದೇ ಸ್ಟ್ರೋಕ್ ಹಿಂದೆ, ನಾಲ್ಕನೆಯವರಾಗಿ ಮುಗಿಸಿದರು. ಎಲ್ಲಿಂದ ಆಡಬೇಕು, ಎಲ್ಲಿ ಬಾಲ್ ಇಳಿಸಬೇಕು ಎಂಬ ಲೆಕ್ಕವೇ ಅವರ ಬಲ.

ಆ ಲೆಕ್ಕವನ್ನು ಕಲಿಸುವ ಜಾಗ ಎಲ್ಲಿದೆ? 1876ರಲ್ಲೇ ಗಾಲ್ಫ್ ಕ್ಲಬ್ ಆರಂಭವಾದ ಬೆಂಗಳೂರಿನಂಥ ಊರಿನಲ್ಲೂ ಹೊಸಬರು ಕೈ ಪಳಗಿಸುವುದು ಹೆಚ್ಚಾಗಿ ಡ್ರೈವಿಂಗ್ ರೇಂಜಿನ ಮ್ಯಾಟ್ ಮೇಲೆ. ಮ್ಯಾಟ್‌ನಲ್ಲಿ ಬಾಲ್ ಯಾವಾಗಲೂ ಒಂದೇ ಥರ ಕೂರುತ್ತದೆ. ಎಸಳು ಅಡ್ಡ ಬರುವುದಿಲ್ಲ, ಇಬ್ಬನಿ ಇರುವುದಿಲ್ಲ. ಅಲ್ಲಿ ನಿಂತು ರಫ್‌ನ ಬೀಸು ಹೇಳಿಕೊಡಬಹುದು, ಬಾಲ್ ಕೂತ ಬಗೆ ಓದುವುದನ್ನು ಹೇಳಿಕೊಡಲಾಗದು. ಕೋಚ್‌ಗಳ ಪಾಠ ಬೀಸಿಗೇ ಅಂಟಿಕೊಂಡಿರುವುದಕ್ಕೆ ಈ ಮ್ಯಾಟೂ ಒಂದು ಕಾರಣ.

ಇದಕ್ಕೆ ಪರಿಹಾರ ದುಬಾರಿಯದ್ದಲ್ಲ. ಅಭ್ಯಾಸದ ಮೈದಾನದ ಒಂದು ಅಂಚಿನಲ್ಲಿ ಹತ್ತಡಿ ಅಗಲದ ಪಟ್ಟಿಯನ್ನು ಎರಡು ಬೆರಳಿನಷ್ಟು ಬೆಳೆಯಲು ಬಿಟ್ಟರೆ ಆಯಿತು. ಖರ್ಚೆಂದರೆ ಯಂತ್ರದ ಬ್ಲೇಡನ್ನು ಒಂದು ಮಟ್ಟ ಮೇಲೆತ್ತುವುದು. ಕಲಿಯುವವರನ್ನು ವಾರಕ್ಕೊಮ್ಮೆ ಅಲ್ಲಿಗೆ ಕರೆದೊಯ್ದು, ಹತ್ತು ಬಾಲ್ ಎಸೆದು, ಹೊಡೆಯುವ ಮೊದಲು ಪ್ರತಿಯೊಂದೂ ಎಷ್ಟು ದೂರ ಹೋಗುತ್ತದೆ ಎಂದು ಬಾಯಿಬಿಟ್ಟು ಹೇಳಿಸಬೇಕು. ಕ್ಲಬ್‌ಗಳ ಗ್ರೀನ್ಸ್ ಸಮಿತಿಗಳು ಮುಂದಿನ ಮಳೆಗಾಲಕ್ಕೆ ಮೊದಲು ಇಷ್ಟನ್ನು ಮಾಡಲಿ.