ಒಂದು ತಂತಿ ಎಳೆದರೆ

ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರದ ಮುಂದೆ ಕೂತು ಅಭ್ಯಾಸವಿರುವ ಹೆಂಗಸರಿಗೆ ಪೆಡಲ್ ಸ್ಟೀಲ್ ಗಿಟಾರನ್ನು ಪರಿಚಯಿಸುವುದು ಕಷ್ಟವಲ್ಲ. ನಾಲ್ಕು ಕಾಲಿನ ಮೇಲೆ ನಿಂತ ಉದ್ದನೆಯ ಮರದ ಹಲಗೆ. ಅದರ ಮೇಲೆ ಹತ್ತು ತಂತಿ, ಕೆಲವದರಲ್ಲಿ ಹತ್ತು ಹತ್ತರ ಎರಡು ಸಾಲು. ಕೆಳಗೆ ಪಾದಕ್ಕೆ ಸಾಲಾಗಿ ಪೆಡಲುಗಳು, ಮೊಣಕಾಲಿನಿಂದ ಅತ್ತಿತ್ತ ತಳ್ಳಲು ಸನ್ನೆಗಳು. ಬಲಗೈ ಮೀಟುತ್ತದೆ. ಎಡಗೈ ಒಂದು ಗುಂಡನೆಯ ಉಕ್ಕಿನ ತುಂಡನ್ನು ತಂತಿಗಳ ಮೇಲೆ ಜಾರಿಸುತ್ತದೆ. ಈ ಉಕ್ಕಿನಿಂದಲೇ ವಾದ್ಯಕ್ಕೆ 'ಸ್ಟೀಲ್' ಎಂಬ ಹೆಸರು ಬಂತು. ವಾದ್ಯದ ಮೈ ಮರದ್ದೇ. ಎಡಪಾದ ಪೆಡಲುಗಳ ಮೇಲೆ, ಬಲಪಾದ ದನಿಯನ್ನು ಏರಿಸಿ ಇಳಿಸುವ ಇನ್ನೊಂದು ಪೆಡಲಿನ ಮೇಲೆ. ಎರಡು ಕೈ, ಎರಡು ಪಾದ, ಎರಡು ಮೊಣಕಾಲು ಎಲ್ಲಕ್ಕೂ ಒಟ್ಟಿಗೆ ಕೆಲಸ. ಬೆಳಗಿನ ಎಂಟು ಗಂಟೆಯ ನಮ್ಮ ಅಡುಗೆಮನೆ ನೆನಪಾದರೆ ಆಶ್ಚರ್ಯವಿಲ್ಲ.

ಉಕ್ಕನ್ನು ಜಾರಿಸಿ ನುಡಿಸುವ ಪದ್ಧತಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹವಾಯಿ ದ್ವೀಪದಲ್ಲಿ ಬೆಳೆಯಿತು. ಜೋಸೆಫ್ ಕೆಕುಕು ಎಂಬವರ ಹೆಸರನ್ನು ಅದರೊಂದಿಗೆ ಹೇಳುತ್ತಾರೆ. ನಮ್ಮ ಗೋಟುವಾದ್ಯವೂ ಇದೇ ಜಾತಿಯದು. ಬೂದಲೂರು ಕೃಷ್ಣಮೂರ್ತಿ ಶಾಸ್ತ್ರಿಗಳಾಗಲಿ ಮನ್ನಾರ್‌ಗುಡಿ ಸಾವಿತ್ರಿ ಅಮ್ಮಾಳ್ ಆಗಲಿ ಮೆಟ್ಟಿಲುಗಳಿಲ್ಲದ ತಂತಿಯ ಮೇಲೆ ಕೋಲು ಜಾರಿಸಿಯೇ ಗಮಕಗಳನ್ನೆಲ್ಲ ತೆಗೆದರು. ಅವರಿಗೆ ಪೆಡಲು ಬೇಕಾಗಲಿಲ್ಲ. ಒಂದರ ಬೆನ್ನಿಗೆ ಒಂದು ಸ್ವರ ಬರುವ ಸಂಗೀತಕ್ಕೆ ಒಂದು ಕೈಯ ಜಾರು ಸಾಕು. ಪಾಶ್ಚಾತ್ಯ ಸಂಗೀತದಲ್ಲಿ ಮೂರು ನಾಲ್ಕು ಸ್ವರ ಒಟ್ಟಿಗೆ ನುಡಿಯಬೇಕು, ಅವುಗಳಲ್ಲಿ ಕೆಲವು ಸರಿಯಬೇಕು, ಕೆಲವು ನಿಂತಲ್ಲೇ ನಿಲ್ಲಬೇಕು. ಕೈಯಲ್ಲಿರುವ ಉಕ್ಕು ಎಲ್ಲವನ್ನೂ ಒಟ್ಟಿಗೇ ಎಳೆದೊಯ್ಯುತ್ತದೆ. ಪೆಡಲು ಹುಟ್ಟಿದ್ದು ಈ ತೊಡಕಿನಿಂದ.

ನಮ್ಮ ಸ್ವರಗಳಲ್ಲೇ ಹೇಳುವುದಾದರೆ, ಸ ಗ ಪ ಒಟ್ಟಿಗೆ ನುಡಿಯುತ್ತಿವೆ ಎನ್ನಿ. ಎರಡು ಪೆಡಲು ಒತ್ತಿದರೆ ಗಾಂಧಾರ ಮಧ್ಯಮಕ್ಕೆ, ಪಂಚಮ ಧೈವತಕ್ಕೆ ಏರುತ್ತದೆ. ಷಡ್ಜ ಮಾತ್ರ ಅಲುಗುವುದಿಲ್ಲ. ಈ ಏರಿಕೆ ಕಿವಿಗೆ ಕೇಳುವಂತೆಯೇ ಆಗುತ್ತದೆ. 1954ರಲ್ಲಿ ವೆಬ್ ಪಿಯರ್ಸ್ ಅವರ 'ಸ್ಲೋಲಿ' ಹಾಡಿನಲ್ಲಿ ಬಡ್ ಐಸಾಕ್ಸ್ ತಂತಿ ನುಡಿಯುತ್ತಿರುವಾಗಲೇ ಪೆಡಲು ಒತ್ತಿ ಇದನ್ನು ಕೇಳಿಸಿದರು. ಅಮೆರಿಕದ ಹಳ್ಳಿಗಾಡಿನ ಹಾಡುಗಳ ಅಳುದನಿ ಎಂದು ನಾವು ಗುರುತಿಸುವುದು ಹೆಚ್ಚಾಗಿ ಇದನ್ನೇ.

ಐಸಾಕ್ಸ್ ಅವರ ವಾದ್ಯ ಮಾಡಿಕೊಟ್ಟವರು ಕ್ಯಾಲಿಫೋರ್ನಿಯದ ಪಾಲ್ ಬಿಗ್ಸ್‌ಬಿ. ಮೋಟಾರ್‌ಸೈಕಲ್ ಕೆಲಸದಲ್ಲಿ ಪಳಗಿದ ಕೈ ಅವರದು. ಚುಕ್ಕೆಚುಕ್ಕೆಯ ಮೇಪಲ್ ಮರ, ಎರಕ ಹೊಯ್ದ ಅಲ್ಯೂಮಿನಿಯಂ, ಒಂದೊಂದೂ ಕೈಯಲ್ಲೇ ಮಾಡಿದ್ದು. ಬೇಕೆಂದವರು ಸರದಿ ಕಾಯಬೇಕಿತ್ತು. 1950ರ ದಶಕದ ಕೊನೆಯಲ್ಲಿ ಫೆಂಡರ್ ಕಂಪನಿ ಕಾರ್ಖಾನೆಯಲ್ಲಿ ತಯಾರಿಸಿದ ಪೆಡಲ್ ಗಿಟಾರುಗಳನ್ನು ತಂದಿತು. ಅದರಲ್ಲಿ ಪೆಡಲಿನಿಂದ ತಂತಿಗೆ ಉಕ್ಕಿನ ಕೇಬಲ್ ಹೋಗುತ್ತದೆ. ನಾದ ತೆಳುವು, ಹೊಳಪು ಹೆಚ್ಚು, ತುದಿಯಲ್ಲಿ ಸ್ವಲ್ಪ ಖಾರ. ಸ್ನೀಕಿ ಪೀಟ್ ಕ್ಲೈನೋ ಈ ಖಾರವನ್ನೇ ಗುಣವಾಗಿಸಿಕೊಂಡು ರಾಕ್ ಸಂಗೀತದಲ್ಲಿ ನುಡಿಸಿದರು. ಆದರೆ ವಿಳಂಬದ ಹಾಡಿಗೆ ಆ ದನಿ ನನಗೆ ಹಿಡಿಸುವುದಿಲ್ಲ. ಸ್ವರ ಬೇರೂರುವ ಮೊದಲೇ ಮಿಂಚಿ ಹೋಗುತ್ತದೆ.

ಅದೇ ದಶಕದ ಕೊನೆಯಲ್ಲಿ ನ್ಯಾಶ್‌ವಿಲ್‌ನಲ್ಲಿ ಷಾಟ್ ಜಾಕ್ಸನ್ ಮತ್ತು ಬಡಿ ಎಮನ್ಸ್ ಸೇರಿ ತಮ್ಮಿಬ್ಬರ ಹೆಸರು ಕೂಡಿಸಿ 'ಷೋ-ಬಡ್' ಕಟ್ಟಿದರು. ಮೆರುಗೆಣ್ಣೆ ಹಚ್ಚಿದ ಮೇಪಲ್ ಮೈ. ಸ್ವರಸ್ಥಾನ ತೋರಿಸಲು ಇಸ್ಪೀಟಿನ ಆಟೀನು, ಡೈಮಂಡುಗಳ ಚಿತ್ರ. ನೋಡಲು ಮದುವೆಮನೆಯ ವಸ್ತುವಿನಂತಿರುತ್ತದೆ. ನಾದ ಬೆಚ್ಚಗೆ, ದುಂಡಗೆ, ಒಳಗೆ ಸಣ್ಣ ಗೊಗ್ಗರು. ಲಾಯ್ಡ್ ಗ್ರೀನ್ ವರ್ಷಗಟ್ಟಲೆ ಇದನ್ನು ನುಡಿಸಿದರು. 1970ರ ದಶಕದಲ್ಲಿ ಅವರ ಹೆಸರಿನ ಮಾದರಿಯೇ ಬಂತು. ಅವರ ಕೈಯಲ್ಲಿ ಷೋ-ಬಡ್ ಕೇಳಿದರೆ, ಪಕ್ಕದ ಕೋಣೆಯಲ್ಲಿ ಯಾರೋ ಬಾಯಿ ಮುಚ್ಚಿ ಹಾಡಿಕೊಳ್ಳುತ್ತಿರುವಂತೆ ಅನಿಸುತ್ತದೆ.

1963ರಲ್ಲಿ ಬಡಿ ಎಮನ್ಸ್ ಜೊತೆಗಾರನನ್ನು ಬಿಟ್ಟು ತಮ್ಮದೇ ಹೆಸರಿನ ವಾದ್ಯ ಶುರುಮಾಡಿದರು. ಅದರ ಒಳಗಿನ ಏರ್ಪಾಟನ್ನು 'ಪುಷ್-ಪುಲ್' ಎನ್ನುತ್ತಾರೆ: ಸ್ವರ ಏರಿಸಲು ಎಳೆತ, ಇಳಿಸಲು ತಳ್ಳಿಕೆ. ತಂತಿಯ ತುದಿ ಸುತ್ತಿ ಹೋಗುವ ಲೋಹದ ಬೆರಳು ಇಲ್ಲಿ ಒಂದೇ ತುಂಡು. ಸುಮ್ಮನಿರುವಾಗ ಅದು ವಾದ್ಯದ ಮೈಗೆ ಗಟ್ಟಿಯಾಗಿ ಒರಗಿ ನಿಲ್ಲುತ್ತದೆ. ಹಾಗಾಗಿಯೇ ತಂತಿಯ ಕಂಪನ ನಷ್ಟವಾಗದೆ ಮರಕ್ಕೆ ಇಳಿಯುತ್ತದೆ ಎನ್ನುವುದು ಇದನ್ನು ಮೆಚ್ಚುವವರ ವಾದ. ನಾದ ಗಂಟೆಯಂತೆ ಸ್ಪಷ್ಟ, ಆದರೆ ಪೊಳ್ಳಲ್ಲ. ಪ್ರತಿ ಸ್ವರಕ್ಕೂ ನಡು ಇದೆ. ಕಷ್ಟವಿರುವುದು ಶ್ರುತಿ ಮಾಡುವುದರಲ್ಲಿ. ಒಂದು ತಿರುಪು ಸರಿಮಾಡಿದರೆ ಇನ್ನೊಂದು ತಪ್ಪುತ್ತದೆ. ವಾದ್ಯವನ್ನು ಮಗುಚಿ ಹೊಟ್ಟೆಯೊಳಗೆ ಕೈಹಾಕಬೇಕು.

ಇದಕ್ಕೆ ಪರಿಹಾರವಾಗಿ ಬಂದದ್ದು 'ಆಲ್-ಪುಲ್', ಏರಿಸಲೂ ಇಳಿಸಲೂ ಎಳೆತವೇ. ಲೋಹದ ಬೆರಳು ಇಲ್ಲಿ ಎರಡು ತುಂಡಾಗಿ, ಸ್ಪ್ರಿಂಗಿನ ಹಿಡಿತದಲ್ಲಿರುತ್ತದೆ. ಪಕ್ಕದಲ್ಲಿ ಸಾಲಾಗಿರುವ ನೈಲಾನ್ ತಿರುಪುಗಳನ್ನು ಕೂತಲ್ಲಿಂದಲೇ ತಿರುಗಿಸಿ ಶ್ರುತಿ ಮಾಡಬಹುದು. ಟೆಕ್ಸಾಸಿನ ಡಲ್ಲಾಸ್‌ನಿಂದ ಬಂದ ಎಂಎಸ್ಎ ವಾದ್ಯಗಳು ಇದೇ ಬಗೆಯವು: ಭಾರ, ಭದ್ರ, ನಂಬಿಕೆಗೆ ಅರ್ಹ. ನಾದ ಸಮವಾಗಿ, ಎಲ್ಲ ಕಡೆ ಒಂದೇ ದಪ್ಪ ಬರುವಂತೆ ಲಟ್ಟಿಸಿದ ಚಪಾತಿಯ ಹಾಗೆ. ಇಂದು ತಯಾರಾಗುವ ಹೆಚ್ಚಿನ ಪೆಡಲ್ ಸ್ಟೀಲ್‌ಗಳು ಆಲ್-ಪುಲ್ ಬಗೆಯವೇ.

ಹಳೆಯ ಎಮನ್ಸ್ ಮುಂದೆ ಹೊಸವು ಸಪ್ಪೆ ಎಂದು ಹೇಳುವ ವಾದಕರು ಬಹಳ ಮಂದಿ ಇದ್ದಾರೆ. ಕಿವಿಯ ಮಟ್ಟಿಗೆ ನಾನೂ ಅವರ ಕಡೆ. ಆದರೆ ಈ ಮಾತು ಕೇಳಿದಾಗಲೆಲ್ಲ ಒರಳುಕಲ್ಲಿನ ಚಟ್ನಿಯ ಮಾತು ನೆನಪಿಗೆ ಬರುತ್ತದೆ. ಮಿಕ್ಸಿಯ ಚಟ್ನಿಗೆ ಆ ರುಚಿಯಿಲ್ಲ ಎಂದು ಊಟದೆಲೆಯ ಮುಂದೆ ಹೇಳುವವರಲ್ಲಿ ಎಷ್ಟು ಜನ ಗುಂಡುಕಲ್ಲು ಹಿಡಿದಿದ್ದಾರೆ? ರುಚಿಯ ಮಾತು ಸುಳ್ಳಲ್ಲ, ಆದರೆ ಅದರ ಬೆಲೆ ತೆತ್ತವರು ಯಾರು ಎಂದೂ ಕೇಳಬೇಕು. ದಿನವೂ ಒಂದೊಂದು ಊರಿನಲ್ಲಿ ನುಡಿಸಿ ಹೊಟ್ಟೆ ಹೊರೆಯುವ ವಾದಕನಿಗೆ ರಾತ್ರಿ ಹತ್ತಕ್ಕೆ ವಾದ್ಯ ಮಗುಚಿ ಕೂರುವ ಪುರಸೊತ್ತಿಲ್ಲ. ಆಲ್-ಪುಲ್ ಅವನ ಕಷ್ಟಕ್ಕೆ ಒದಗಿದ ವಾದ್ಯ. ಅದನ್ನು ಕೀಳೆನ್ನುವುದು ನ್ಯಾಯವಲ್ಲ.

ಈ ಎಲ್ಲ ವಾದ್ಯಗಳಿಗೂ ಒಂದು ಸಮಾನ ದೋಷವಿದೆ. ಪೆಡಲು ಒತ್ತಿ ಒಂದೆರಡು ತಂತಿಗಳನ್ನು ಬಿಗಿದಾಗ ಆ ಎಳೆತಕ್ಕೆ ಮರದ ಮೈ ಕೂದಲೆಳೆಯಷ್ಟು ಬಾಗುತ್ತದೆ. ಮುಟ್ಟದೆ ಬಿಟ್ಟ ಉಳಿದ ತಂತಿಗಳ ಶ್ರುತಿ ತುಸು ಇಳಿಯುತ್ತದೆ. ಮೈಯನ್ನು ದಪ್ಪವಾಗಿ, ಬಿರುಸಾಗಿ ಮಾಡಿದರೆ ಇದು ಕಡಿಮೆಯಾಗುತ್ತದೆ. ಎಂಎಸ್ಎ 2000ದ ನಂತರ ಕಾರ್ಬನ್ ಫೈಬರ್ ಮೈಯ ವಾದ್ಯವನ್ನೂ ತಂದಿತು. ಆದರೆ ಬಿರುಸು ಹೆಚ್ಚಿದಷ್ಟೂ ಮರದ ಉಸಿರು ತಗ್ಗುತ್ತದೆ ಎಂದು ಹಳಬರು ಹೇಳುತ್ತಾರೆ. ನನ್ನ ಕಿವಿಗೂ ಹಾಗೆಯೇ ಕೇಳುತ್ತದೆ. ಹಗುರ ಮೈಯ ಷೋ-ಬಡ್ ಶ್ರುತಿಯಲ್ಲಿ ಕೊಂಚ ಜಾರುತ್ತದೆ, ವಾದಕ ಉಕ್ಕನ್ನು ಎಳ್ಳಷ್ಟು ಸರಿಸಿ ಅದನ್ನು ತುಂಬಿಕೊಡುತ್ತಾನೆ. ಆ ತುಂಬಿಕೊಡುವಿಕೆಯೇ ನುಡಿಸಾಣಿಕೆಗೆ ಮನುಷ್ಯರ ದನಿಯ ಗುಣ ತರುತ್ತದೆ. ಒಂದನ್ನು ಎಳೆದರೆ ಉಳಿದವು ಸಡಿಲವಾಗುವ ಸಂಗತಿ ಸಂಸಾರ ಮಾಡಿದವರಿಗೆ ಹೊಸತೇನಲ್ಲ, ಸರಿದೂಗಿಸುವುದೂ ಹೊಸತಲ್ಲ.

ಹಾಗಾದರೆ ನಾದ ಇರುವುದು ಕೈಯಲ್ಲೋ ಮರದಲ್ಲೋ? ಬಡಿ ಎಮನ್ಸ್ ಬಿಗ್ಸ್‌ಬಿ, ಷೋ-ಬಡ್, ಕಡೆಗೆ ತಮ್ಮದೇ ವಾದ್ಯ ಮೂರನ್ನೂ ನುಡಿಸಿದವರು. ಎಲ್ಲದರಲ್ಲೂ ಅವರು ಎಮನ್ಸ್ ಆಗಿಯೇ ಕೇಳುತ್ತಾರೆ. ಇದನ್ನು ತೋರಿಸಿ, ಎಲ್ಲ ಕೈಯಲ್ಲೇ ಇದೆ ಎನ್ನುತ್ತಾರೆ ಕೆಲವರು. ಹಾಗಿದ್ದರೆ ಅವರು ಹೊಸ ವಾದ್ಯ ಕಟ್ಟುವ ಶ್ರಮ ಏಕೆ ಪಟ್ಟರು? ಕೈಗೆ ಗೊತ್ತಿರುವುದನ್ನು ಹೊರಗೆ ಬಿಡುವ ವಾದ್ಯವೂ ಇದೆ, ತಡೆಯುವ ವಾದ್ಯವೂ ಇದೆ. ನುಡಿಸುವವರಿಗೆ ಆ ವ್ಯತ್ಯಾಸ ಕೇಳುವವರಿಗಿಂತ ಮೊದಲು ತಿಳಿಯುತ್ತದೆ.

ಈ ಚರ್ಚೆಯಲ್ಲಿ ಮರ, ಲೋಹ, ತಂತಿ ಎಲ್ಲದರ ಮಾತೂ ಬರುತ್ತದೆ. ನುಡಿಸುವವರ ಮೈಯ ಮಾತು ಬರುವುದು ಅಪರೂಪ. ವಾದ್ಯದ ಎತ್ತರ, ಪೆಡಲುಗಳ ಅಂತರ, ಮೊಣಕಾಲಿನ ಸನ್ನೆಯ ಜಾಗ ಇವೆಲ್ಲ ಅಳತೆ ಕೊಟ್ಟು ಹೊಲಿಸಿದ ರವಿಕೆಯಂತೆ. ಹಳೆಯ ಒಳ್ಳೆಯ ವಾದ್ಯ ಕೊಂಡವರಿಗೆ ಇನ್ಯಾರದೋ ಮೊಣಕಾಲಿನ ಅಳತೆಯೂ ಜೊತೆಗೆ ಬರುತ್ತದೆ. ಎರಡು ಸಾಲಿನ ವಾದ್ಯ ಪೆಟ್ಟಿಗೆ ಸಮೇತ ಮೂವತ್ತು ಕಿಲೋ ದಾಟುವುದುಂಟು. ಈ ಲೋಕದಲ್ಲಿ ಗಂಡಸರ ಹೆಸರೇ ಹೆಚ್ಚು ಕೇಳಿಬರುವುದಕ್ಕೆ ಇದೊಂದೇ ಕಾರಣವಲ್ಲ, ಆದರೆ ಇದೂ ಒಂದು. ಹಾಗಿದ್ದೂ ಮರಿಯನ್ ಹಾಲ್ 1950ರ ದಶಕದಲ್ಲೇ ಕ್ಯಾಲಿಫೋರ್ನಿಯದ ಟೆಲಿವಿಷನ್‌ನಲ್ಲಿ ಬಿಗ್ಸ್‌ಬಿ ನುಡಿಸಿದರು. ಬಾರ್ಬರಾ ಮ್ಯಾಂಡ್ರೆಲ್ ಹನ್ನೊಂದರ ಹುಡುಗಿಯಾಗಿದ್ದಾಗಲೇ ಸ್ಟೀಲ್ ನುಡಿಸಿ ದೊಡ್ಡವರನ್ನು ಬೆರಗುಗೊಳಿಸಿದರು. 2025ರಲ್ಲಿ ತೀರಿಕೊಂಡ ಸೂಸನ್ ಆಲ್ಕಾರ್ನ್ ಇದೇ ವಾದ್ಯವನ್ನು ಹಳ್ಳಿಗಾಡಿನ ಹಾಡಿನಾಚೆಗೆ ಒಯ್ದು, ಪಿಯಾಜೊಲ್ಲಾ ಅವರ ಟ್ಯಾಂಗೊಗಳನ್ನೂ ತಮ್ಮದೇ ಮನೋಧರ್ಮವನ್ನೂ ಅದರಲ್ಲಿ ನುಡಿಸಿದರು. ಅವರ ನುಡಿಸಾಣಿಕೆಯಲ್ಲಿ ಮೌನಕ್ಕೆ ಸಿಗುವ ಜಾಗ ನಮ್ಮ ಆಲಾಪನೆ ಬಲ್ಲವರಿಗೆ ಆಪ್ತವಾದೀತು.

ಯಾವುದು ಒಳ್ಳೆಯದು ಎಂದು ಕೇಳಿದರೆ ಹೀಗೆ ಹೇಳುತ್ತೇನೆ. ಕೇಳಲು ನನಗೆ ಎಮನ್ಸ್‌ನ ಪುಷ್-ಪುಲ್. ಅದರ ಸ್ಪಷ್ಟತೆಗೆ ಸಾಟಿಯಿಲ್ಲ. ಮನಸ್ಸು ಭಾರವಾದ ದಿನ ಷೋ-ಬಡ್. ಆದರೆ ಕಲಿಯಲು ಹೊರಟ ಹುಡುಗಿಯೊಬ್ಬಳು ಸಲಹೆ ಕೇಳಿದರೆ, ಅವಳ ಮೊಣಕಾಲಿಗೆ ಸರಿಹೊಂದುವ, ಅವಳೇ ಶ್ರುತಿ ಮಾಡಿಕೊಳ್ಳಬಲ್ಲ ಒಂದು ಸಾಲಿನ ಹಗುರ ಆಲ್-ಪುಲ್ ತೆಗೆದುಕೋ ಎನ್ನುತ್ತೇನೆ. ಗಂಟೆಯಂಥ ನಾದವನ್ನು ಆಮೇಲೆ ಹುಡುಕಿಕೊಳ್ಳಬಹುದು. ಮೊದಲು ದಿನವೂ ಕೂತು ನುಡಿಸುವಂತಿರಬೇಕು.