ಹಾರೈಕೆಯ ಹಾಡು

೧೯೨೪ರ ಡಿಸೆಂಬರಿನಲ್ಲಿ, ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ನೆರೆದ ಕಾಂಗ್ರೆಸ್ ಮಹಾಸಭೆಯಲ್ಲಿ, ಹುಯಿಲಗೋಳ ನಾರಾಯಣರಾಯರ ಗೀತವು ಸ್ವಾಗತಗೀತವಾಗಿ ಮೊಳಗಿತು. ಆಗ ಕನ್ನಡಿಗರು ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗುಗಳ ಆಡಳಿತಗಳಲ್ಲಿ ಹಂಚಿಹೋಗಿದ್ದರು. ಒಂದಾಗಿಲ್ಲದ ನಾಡಿನ ಅಭಿಮಾನವನ್ನು ಹಾಡುವ ಬಗೆ ಯಾವುದು? ಕವಿಯು ಪೂರ್ವಿಕರ ಹಿರಿಮೆಯನ್ನು ಎಣಿಸುವನು, ನಿಜ. ಆದರೆ ಗೀತದ ಪ್ರಾಣವಿರುವುದು ‘ಉದಯವಾಗಲಿ’ ಎಂಬ ಒಂದು ಕ್ರಿಯಾಪದದಲ್ಲಿ. ಅದು ಹೊಗಳಿಕೆಯಲ್ಲ, ಹಾರೈಕೆ. ಹಾರೈಸಿದವನಿಗೆ ದುಡಿಮೆಯ ಹೊಣೆಯುಂಟು. ಬರಿಯ ವೈಭವದ ಹಾಡು ಕೇಳುವವನನ್ನು ತಣಿಸಿ ಕೂರಿಸುವುದು; ಇದು ಎಬ್ಬಿಸುವುದು.

೧೯೫೬ರ ನವೆಂಬರ್ ೧ರಂದು ನಾಡು ಒಂದಾಯಿತು. ಹಾರೈಕೆ ಫಲಿಸಿದ ಮೇಲೆ ಹಾಡು ಮುಗಿಯಿತೇ? ಉತ್ಸವದಲ್ಲಿ ಹಾಡಿ ಮನೆಗೆ ಬಂದು ಮರೆಯುವವರ ಪಾಲಿಗೆ ಮುಗಿಯಿತು. ಗಡಿ ಕೂಡಿದೊಡನೆ ಮನಗಳೂ ಕೂಡಿದುವೆಂದು ನಂಬದವರಿಗೆ ಆ ಕ್ರಿಯಾಪದವು ಇಂದಿಗೂ ನಾಳೆಯನ್ನೇ ನುಡಿಯುತ್ತಿದೆ.