ಸ್ತ್ರೀವೇಷಕ್ಕೆ ಎಷ್ಟು ಅಂಕ?

ಯಕ್ಷಗಾನದ ಸ್ತ್ರೀವೇಷದ ಬಗ್ಗೆ ನಮ್ಮ ಕಡೆ ಎರಡು ಮಾತು ರೂಢಿಯಲ್ಲಿವೆ. ಒಂದು, ‘ಹೆಂಗಸರೇ ನಾಚಬೇಕು ಮಾರಾಯ್ರೆ, ಹಾಗಿತ್ತು’ ಎಂಬ ಹೊಗಳಿಕೆ. ಇನ್ನೊಂದು, ಅದೇ ಕಲಾವಿದ ಮರುದಿನ ಬಸ್ಸಿಗೆ ಕಾದು ನಿಂತಾಗ ಅವನ ಬೆನ್ನ ಹಿಂದೆ ಕೇಳಿಸುವ ಕುಹಕ. ಹೊಗಳಿದವರು ರಸಿಕರು, ಕುಹಕವಾಡಿದವರು ಅರಸಿಕರು ಎಂದು ನಾವು ಸಮಾಧಾನ ಪಟ್ಟುಕೊಳ್ಳುತ್ತೇವೆ. ನನಗೆ ಹಾಗೆ ಕಾಣುವುದಿಲ್ಲ. ಎರಡೂ ಒಂದೇ ಬೇರಿನ ಚಿಗುರುಗಳು. ಎರಡರಲ್ಲೂ ಕಲಾವಿದನ ಮೈಯನ್ನು ಅಳೆಯುವ ಕಣ್ಣಿದೆಯೇ ಹೊರತು ಅವನು ಕಟ್ಟಿದ ಪಾತ್ರವನ್ನು ನೋಡುವ ಕಣ್ಣಿಲ್ಲ.

ಈ ವಿಚಾರ ನನ್ನ ತಲೆಗೆ ಹತ್ತಿದ್ದು ಒಂದು ಅಂಕಪಟ್ಟಿಯಿಂದ. ಕೆಲವು ವರ್ಷಗಳ ಹಿಂದೆ ಕೊಕ್ಕಡದಲ್ಲಿ ಹವ್ಯಾಸಿಗಳಿಗಾಗಿ ಒಂದು ಸ್ತ್ರೀವೇಷ ಸ್ಪರ್ಧೆ ಮಾಡುವುದೆಂದಾಯಿತು. ಅದು ಮೊದಲ ಸುತ್ತು. ಇಲ್ಲಿ ಆಯ್ಕೆಯಾದ ಇಬ್ಬರು ಮುಂದೆ ತಾಲೂಕಿನ ಸ್ಪರ್ಧೆಗೆ ಹೋಗಬೇಕು. ಏರ್ಪಾಡಿನ ಸಮಿತಿಯಲ್ಲಿ ನಾನೂ ಒಬ್ಬ. ಕೊಕ್ಕಡದಲ್ಲಿ ಇಂಥ ಸ್ಪರ್ಧೆ ನಡೆಯುವುದು ಅಸಹಜವೇನಲ್ಲ. ಗುಡಿಯ ಗೋಡೆಯಿಲ್ಲದೆ ಬಯಲಲ್ಲೇ ಕುಳಿತ ಸೌತಡ್ಕದ ಗಣಪತಿಯಿಂದ ಈ ಊರನ್ನು ಹೊರಗಿನವರು ಬಲ್ಲರು. ಆಟ ನೋಡುವವರು ಇನ್ನೊಂದು ಕಾರಣಕ್ಕೂ ಬಲ್ಲರು: ತೆಂಕುತಿಟ್ಟಿನ ಹೆಸರಾಂತ ಸ್ತ್ರೀವೇಷಧಾರಿ ಕೊಕ್ಕಡ ಈಶ್ವರ ಭಟ್ಟರ ಹೆಸರಿನ ಮೊದಲಲ್ಲಿ ಇರುವುದು ಈ ಊರೇ. ಪಕ್ಕದ ಉಪ್ಪಿನಂಗಡಿಯ ಕಡೆಯಿಂದ ಪಾತಾಳ ವೆಂಕಟರಮಣ ಭಟ್ಟರು ಬಂದರು. ಅತ್ತ ಕೋಳ್ಯೂರು ರಾಮಚಂದ್ರ ರಾಯರು. ಈ ಮೂವರ ವೇಷಗಳನ್ನು ನೋಡುತ್ತ ಬೆಳೆದ ಪ್ರೇಕ್ಷಕರು ನಮ್ಮ ಸೀಮೆಯಲ್ಲಿ ಇನ್ನೂ ಬೇಕಾದಷ್ಟಿದ್ದಾರೆ.

ಅಂಥ ಊರಿನ ಸ್ಪರ್ಧೆಗೆ ಯಾರೋ ಬರೆದು ತಂದ ಅಂಕಪಟ್ಟಿ ಹೀಗಿತ್ತು: ರೂಪ 40, ನಾಟ್ಯ 30, ಅಭಿನಯ 20, ಮಾತು 10. ಒಟ್ಟು ನೂರು. ರೂಪ ಎಂದರೇನು ಎಂದು ನಾನು ಕೇಳಿದೆ. ‘ಹೆಣ್ಣಿನ ಹಾಗೆ ಕಾಣಬೇಕಲ್ಲ ಮಾಷ್ಟ್ರೇ, ಅದು’ ಎಂದರು. ಹಾಗಾದರೆ ಸ್ಪರ್ಧೆ ಯಾಕೆ, ಫೋಟೋ ತರಿಸಿಕೊಂಡರೆ ಸಾಲದೇ ಎಂದದ್ದಕ್ಕೆ ನಕ್ಕರು. ಆದರೆ ನಾನು ತಮಾಷೆಗೆ ಹೇಳಿದ್ದಲ್ಲ.

ಮಾತಿಗೆ ಹತ್ತೇ ಅಂಕ ಎಂಬುದನ್ನು ಓದುಗರು ಗಮನಿಸಬೇಕು. ಯಕ್ಷಗಾನದಲ್ಲಿ ಪದ್ಯ ಮಾತ್ರ ಬರೆದಿಟ್ಟದ್ದು. ಅರ್ಥ ಆಯಾ ರಾತ್ರಿ ರಂಗಸ್ಥಳದಲ್ಲೇ ಹುಟ್ಟಬೇಕು. ಹೆಣ್ಣಿನ ಪಾತ್ರ ಮಾಡುವವನು ಹೆಣ್ಣಿನ ಕಡೆಯಿಂದ ಯೋಚಿಸಿ, ಎದುರಿನ ಪಾತ್ರಧಾರಿ ಎಸೆದ ಮಾತಿಗೆ ನಿಂತ ನಿಲುವಿನಲ್ಲಿ ಉತ್ತರ ಕೊಡಬೇಕು. ಕಾಡಿನಲ್ಲಿ ಗಂಡನನ್ನು ಕಳೆದುಕೊಂಡ ದಮಯಂತಿ, ಮಗನ ಹೆಣದ ಮುಂದೆ ಕುಳಿತ ಚಂದ್ರಮತಿ, ಭೀಷ್ಮನನ್ನು ಸಭೆಯಲ್ಲಿ ತಡೆದು ನಿಲ್ಲಿಸುವ ಅಂಬೆ, ಇವರಲ್ಲಿ ಯಾರ ತೂಕವೂ ಸೊಂಟದ ಅಳತೆಯಲ್ಲಿಲ್ಲ. ಪಾತಾಳರು ಬೇಲೂರು ಹಳೆಬೀಡುಗಳ ಶಿಲಾಬಾಲಿಕೆಯರನ್ನು ನೋಡಿ ತೆಂಕುತಿಟ್ಟಿನ ಸ್ತ್ರೀವೇಷದ ಉಡುಗೆ ತೊಡುಗೆಯನ್ನು ತಿದ್ದಿದರು. ಬೀದಿಯಲ್ಲಿ ಹೋಗುವ ಹೆಂಗಸನ್ನು ನೋಡಿ ನಕಲು ಮಾಡಿದ್ದಲ್ಲ, ಕಲ್ಲಿನಲ್ಲಿ ಒಬ್ಬ ಶಿಲ್ಪಿ ಕಂಡ ಹೆಣ್ಣನ್ನು ನೋಡಿ ತಮ್ಮದೊಂದನ್ನು ಕಟ್ಟಿದ್ದು. ಬಡಗಿನಲ್ಲಿ ಮಂಟಪ ಪ್ರಭಾಕರ ಉಪಾಧ್ಯರು ಶತಾವಧಾನಿ ಗಣೇಶರ ಜೊತೆ ಸೇರಿ ‘ಭಾಮಿನಿ’ಯಲ್ಲಿ ಅಷ್ಟನಾಯಿಕೆಯರನ್ನು ಒಬ್ಬರೇ ತೋರಿಸಿದರು. ಎಂಟು ಮನಃಸ್ಥಿತಿಗಳಿಗೂ ಇರುವುದು ಒಂದೇ ಮೈ, ಅದೂ ಗಂಡಸಿನದು. ರೂಪಕ್ಕೆ ನಲವತ್ತು ಅಂಕ ಕೊಡುವವರು ಈ ಎಂಟರಲ್ಲಿ ಯಾವುದಕ್ಕೆ ಕೊಡುತ್ತಾರೆ?

ಹೊರಗಿನ ಲೋಕದಲ್ಲೂ ಇದೇ ಕತೆ. ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರು, ಗುಜರಾತಿಯಲ್ಲಿ ಜಯಶಂಕರ ‘ಸುಂದರಿ’, ಚೀನಾದ ಪೀಕಿಂಗ್ ಆಪೆರಾದಲ್ಲಿ ಮೇ ಲಾನ್‌ಫಾಂಗ್, ಇವರೆಲ್ಲ ಸ್ತ್ರೀಪಾತ್ರದಿಂದಲೇ ದೊಡ್ಡ ಹೆಸರು ಪಡೆದ ಗಂಡಸರು. 1930ರಲ್ಲಿ ಮೇ ಅಮೆರಿಕಕ್ಕೆ ಹೋಗಿ ಆಡಿದಾಗ ಅಲ್ಲಿಯವರು ಬೆರಗಾದದ್ದು ಅವರ ಕೈಬೆರಳಿನ ಭಾಷೆಗೆ, ಹೆಜ್ಜೆಯ ಶಿಸ್ತಿಗೆ.

ಅಂಕಪಟ್ಟಿಯ ಜಗಳ ಮುಗಿಯುವ ಮೊದಲೇ ಇನ್ನೊಂದು ಬಂತು. ಹೆಸರು ಕೊಟ್ಟ ಒಂಬತ್ತು ಮಂದಿಯಲ್ಲಿ ಒಬ್ಬ ಇಪ್ಪತ್ತರ ಆಸುಪಾಸಿನ ಹುಡುಗ. ಹಗಲು ಅಡಿಕೆ ಸುಲಿಯುವ ಕೆಲಸ, ಸಂಜೆ ನಾಟ್ಯದ ಅಭ್ಯಾಸ. ತನಗೆ ಹೆಣ್ಣು ನೋಡುವುದು ಬೇಡ, ತನ್ನ ಮನಸ್ಸು ಹೋಗುವುದು ಗಂಡಸರ ಕಡೆಗೆ ಎಂದು ಮನೆಯಲ್ಲೂ ಗೆಳೆಯರಲ್ಲೂ ಹೇಳಿಬಿಟ್ಟಿದ್ದವನು. ಸಮಿತಿಯ ಹಿರಿಯರೊಬ್ಬರು ಅವನ ಹೆಸರಿನ ಮೇಲೆ ಬೆರಳಿಟ್ಟು, ‘ಇವನೊಬ್ಬ ಬೇಡ. ಇವನನ್ನು ಸೇರಿಸಿದರೆ ನಾಳೆಯಿಂದ ಯಾರೂ ಮಕ್ಕಳನ್ನು ನಾಟ್ಯಕ್ಕೆ ಕಳಿಸಲಿಕ್ಕಿಲ್ಲ. ಸ್ತ್ರೀವೇಷದವರೆಲ್ಲ ಹೀಗೆಯೇ ಅಂತ ಜನ ಹೇಳಿಯಾರು’ ಎಂದರು. ಅವರು ದುಷ್ಟರಲ್ಲ. ತಾವೇ ಯೌವನದಲ್ಲಿ ಸ್ತ್ರೀವೇಷ ಮಾಡಿ, ಆ ಕುಹಕವನ್ನು ಸಾಕಷ್ಟು ಉಂಡವರು. ಆದ್ದರಿಂದಲೇ ಆ ಮಾತಿಗೆ ಉತ್ತರ ಕೊಡುವುದು ಕಷ್ಟವಾಯಿತು.

ಅವರ ಭಯಕ್ಕೆ ಆಧಾರವಿತ್ತು ಎಂಬುದನ್ನು 2025ರ ಕೊನೆಯ ತಿಂಗಳುಗಳು ತೋರಿಸಿದವು. ಮೇಳದ ಕಲಾವಿದರಲ್ಲಿ ಸಲಿಂಗಕಾಮವಿತ್ತು ಎಂಬ ಅರ್ಥದ ಮಾತನ್ನು ಹಿರಿಯ ವಿದ್ವಾಂಸರೊಬ್ಬರು ವೇದಿಕೆಯ ಮೇಲೆ ಆಡಿದ್ದೇ ತಡ, ಕರಾವಳಿ ಕೆರಳಿತು. ನಾನು ಎರಡು ಪಕ್ಷವನ್ನೂ ಓದಿದೆ. ಎರಡೂ ನನಗೆ ಒಪ್ಪಿಗೆಯಾಗಲಿಲ್ಲ. ಸಾವಿರಾರು ಮಂದಿ ದುಡಿದ ಒಂದು ವೃತ್ತಿಗೆ ಒಟ್ಟಾಗಿ ಒಂದು ಹಣೆಪಟ್ಟಿ ಅಂಟಿಸುವುದು ವಿದ್ವತ್ತಿನ ಲಕ್ಷಣವಲ್ಲ. ಆದರೆ ಅದಕ್ಕೆ ಉತ್ತರವಾಗಿ ‘ನಮ್ಮಲ್ಲಿ ಅಂಥವರು ಒಬ್ಬರೂ ಇಲ್ಲ, ಇದು ಪವಿತ್ರ ಕಲೆ’ ಎಂದವರು ಮಾಡಿದ್ದೇನು? ಅಂಥ ಒಬ್ಬ ಹುಡುಗ ಯಾವುದೋ ಚೌಕಿಯ ಮೂಲೆಯಲ್ಲಿ ಕುಳಿತು ಆ ಹೇಳಿಕೆಯನ್ನು ಓದಿರಬಹುದು. ತಾನು ಇರುವುದೇ ಕಲೆಗೆ ಅಪವಿತ್ರ ಎಂದು ಅವನಿಗೆ ತಿಳಿಯಿತು. ಆ ಗದ್ದಲದಲ್ಲಿ ಕಳೆದುಹೋದ ಗಂಭೀರ ಪ್ರಶ್ನೆ ಬೇರೊಂದಿತ್ತು. ನವೆಂಬರಿನಿಂದ ಪತ್ತನಾಜೆಯವರೆಗೆ ಆರು ತಿಂಗಳು ಮನೆ ಬಿಟ್ಟು ತಿರುಗಾಟದಲ್ಲಿರುವ ಎಳೆಯ ಕಲಾವಿದನಿಗೆ ಹಿರಿಯರ ಒತ್ತಾಯಕ್ಕೆ ‘ಇಲ್ಲ’ ಎನ್ನುವ ಧೈರ್ಯ, ಹಾಗೆಂದರೂ ವೇಷ ಉಳಿಯುತ್ತದೆಂಬ ಭರವಸೆ ಇದೆಯೇ? ಇದು ಅಧಿಕಾರದ ಪ್ರಶ್ನೆ. ಯಾರು ಯಾರನ್ನು ಪ್ರೀತಿಸುತ್ತಾರೆ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಎರಡನ್ನೂ ಕಲಸಿದರೆ ಎರಡಕ್ಕೂ ಉತ್ತರ ಸಿಗುವುದಿಲ್ಲ.

ಹಿರಿಯರಿಗೆ ನಾನು ಕಲೆಯ ಕಡೆಯಿಂದಲೇ ಉತ್ತರ ಹೇಳಿದೆ. ತೆಂಕುತಿಟ್ಟಿನ ಪೂರ್ವರಂಗವನ್ನು ನೆನಪು ಮಾಡಿಕೊಳ್ಳಿ ಎಂದೆ. ಕೋಡಂಗಿ, ಬಾಲಗೋಪಾಲ, ಷಣ್ಮುಖ ಸುಬ್ರಾಯ, ಅರ್ಧನಾರೀಶ್ವರ, ಮುಖ್ಯ ಸ್ತ್ರೀವೇಷ. ಮೇಳಕ್ಕೆ ಸೇರಿದ ಹುಡುಗ ಈ ಮೆಟ್ಟಿಲುಗಳನ್ನು ಏರಿಯೇ ಮೇಲೆ ಹೋಗಬೇಕೆಂಬುದು ಹಳೆಯ ಕ್ರಮ. ನಾಳೆ ಬಣ್ಣದ ವೇಷವಾಗಿ ಅಬ್ಬರಿಸುವವನೂ ನಿನ್ನೆ ಸೀರೆಯುಟ್ಟು ಕುಣಿದವನೇ. ಹಾಗಿರುವಾಗ ಸ್ತ್ರೀವೇಷ ಮಾಡಿದ್ದರಿಂದ ಯಾರ ಸ್ವಭಾವವೂ ತಿಳಿಯುವುದಿಲ್ಲ. ಮಾಡಿದವರಲ್ಲಿ ಹೆಂಡತಿ ಮಕ್ಕಳೊಂದಿಗೆ ಬಾಳಿದವರೇ ಹೆಚ್ಚು. ಅದೇ ತರ್ಕವನ್ನು ತಿರುಗಿಸಿ ನೋಡಿ: ಸ್ವಭಾವದಿಂದ ವೇಷವೂ ತಿಳಿಯುವುದಿಲ್ಲ. ಈ ಹುಡುಗನ ಮನಸ್ಸು ಎತ್ತ ಹೋಗುತ್ತದೆಂಬುದು ಅವನ ಹೆಜ್ಜೆಯನ್ನು ಕೆಡಿಸುವುದೂ ಇಲ್ಲ, ತಿದ್ದುವುದೂ ಇಲ್ಲ. ಉಳಿದ ಎಂಟು ಮಂದಿಗೆ ಕೇಳದ ಪ್ರಶ್ನೆಯನ್ನು ಅವನೊಬ್ಬನಿಗೆ ಕೇಳುವ ಅಧಿಕಾರ ನಮಗೆ ಯಾರು ಕೊಟ್ಟರು? ಕಾನೂನಿನ ಮಾತಾದರೆ ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದೇ ಹೇಳಿ ಮುಗಿಸಿದೆ, ಒಪ್ಪಿಕೊಂಡ ವಯಸ್ಕರ ನಡುವಿನ ಸಂಬಂಧ ಅಪರಾಧವಲ್ಲವೆಂದು. ಕನ್ನಡದ ಓದುಗರಿಗೆ ಅದಕ್ಕೂ ಮೊದಲೇ, 2013ರಲ್ಲಿ, ವಸುಧೇಂದ್ರರ ‘ಮೋಹನಸ್ವಾಮಿ’ ಬಂದಿತ್ತು. ಕೋರ್ಟಿಗೂ ಕತೆಗಾರನಿಗೂ ಕಂಡದ್ದು ನಮ್ಮ ಸಮಿತಿಗೆ ಕಾಣದಿದ್ದರೆ ನಾಚಿಕೆಗೇಡು.

ಅಮೆರಿಕದಲ್ಲಿ ಸಲಿಂಗಿ ಗಂಡಸರು ಹೆಣ್ಣುವೇಷದ ಕಲೆಗಾಗಿ ನಡೆಸುವ ‘ಮಿಸ್ ಗೇ ಅಮೆರಿಕ’ ಎಂಬ ಸ್ಪರ್ಧೆಯೊಂದಿದೆ. 1972ರಲ್ಲಿ ನ್ಯಾಶ್‌ವಿಲ್ ನಗರದಲ್ಲಿ ಶುರುವಾದದ್ದು. ಊರಿನ ಸುತ್ತು, ರಾಜ್ಯದ ಸುತ್ತು, ಆಮೇಲೆ ದೇಶದ ಸುತ್ತು ಎಂದು ಅದೂ ನಮ್ಮದರ ಹಾಗೆಯೇ ಮೆಟ್ಟಿಲು ಮೆಟ್ಟಿಲಾಗಿ ನಡೆಯುತ್ತದೆ. ಗೌನು, ಹಾಡು, ಕುಣಿತ, ಪ್ರಶ್ನೋತ್ತರ ಎಲ್ಲ ಇವೆ. ನನಗೆ ಹಿಡಿಸಿದ್ದು ಅದರ ಒಂದು ವಿಭಾಗ: ಸ್ಪರ್ಧಿ ಬಣ್ಣವಿಲ್ಲದೆ, ಗಂಡಸಿನ ಉಡುಪಿನಲ್ಲೇ ಬಂದು ತೀರ್ಪುಗಾರರ ಎದುರು ಕುಳಿತು ಮಾತಾಡಬೇಕು. ಅದಕ್ಕೂ ಅಂಕವಿದೆ. ವೇಷವನ್ನು ಕಟ್ಟಿದವನು ಯಾರು, ಅವನ ತಲೆಯಲ್ಲಿ ಏನಿದೆ ಎಂದು ಅವರು ಕೇಳುತ್ತಾರೆ. ಅಲ್ಲಿಯ ಥಳಕು, ಕಿರೀಟ ನಮಗೆ ಬೇಡವಾಗಬಹುದು. ಆದರೆ ಶತಮಾನಗಳ ಪರಂಪರೆಯುಳ್ಳ ನಾವು ಕೇಳದ ಪ್ರಶ್ನೆಯನ್ನು ಐವತ್ತು ವರ್ಷದ ಒಂದು ಸ್ಪರ್ಧೆ ಕೇಳುತ್ತಿದೆ.

ಅದನ್ನೇ ಇಲ್ಲಿ ಮಾಡೋಣ ಎಂದೆ. ಎರಡು ಸಂಜೆ ವಾದ ನಡೆಯಿತು. ಕೊನೆಗೆ ಅಂಕಪಟ್ಟಿ ಬದಲಾಯಿತು: ಅರ್ಥ 35, ಅಭಿನಯ 25, ನಾಟ್ಯ 25, ವೇಷಗಾರಿಕೆ ಮತ್ತು ಬಣ್ಣ 15. ರೂಪ ಎಂಬ ಶಬ್ದವನ್ನೇ ತೆಗೆದೆವು. ಹುಟ್ಟಿನಿಂದ ಬಂದದ್ದಕ್ಕೆ ಅಂಕವಿಲ್ಲ, ಕೈಯಾರೆ ಮಾಡಿಕೊಂಡದ್ದಕ್ಕೆ ಮಾತ್ರ. ಎಲ್ಲರಿಗೂ ಒಂದೇ ಪಾತ್ರ: ‘ಭೀಷ್ಮ ವಿಜಯ’ದ ಅಂಬೆ. ಬಣ್ಣ ಹಚ್ಚುವ ಮೊದಲು ಪ್ರತಿಯೊಬ್ಬನೂ ಪಂಚೆ ಶರ್ಟಿನಲ್ಲಿ ಬಂದು, ಅಂಬೆಯ ಕಡೆ ನ್ಯಾಯವಿದೆಯೇ ಎಂದು ಐದು ನಿಮಿಷ ಮಾತಾಡಬೇಕು. ಅದು ಅರ್ಥದ ಅಂಕಕ್ಕೇ ಸೇರುತ್ತದೆ. ಚೌಕಿಗೆ ಬಾಗಿಲು ಹಾಕಿಕೊಳ್ಳಬಹುದಾದ ಕೋಣೆಯನ್ನು ಕೊಡಿಸಿದೆವು. ಮೊಬೈಲು ಹಿಡಿದು ಒಳಗೆ ನುಗ್ಗುವವರನ್ನು ತಡೆಯಲು ಇಬ್ಬರನ್ನು ನಿಲ್ಲಿಸಿದೆವು. ಸೀರೆ ಉಡುವಾಗ ತೆಗೆದ ಫೋಟೋ ಊರೆಲ್ಲ ಸುತ್ತಿದ ಮೇಲೆ ವೇಷ ಬಿಟ್ಟವರು ನಮ್ಮಲ್ಲಿದ್ದಾರೆ.

ಅಂಬೆಯನ್ನು ಆರಿಸಿದ್ದು ಸುಮ್ಮನೆ ಅಲ್ಲ. ಸಾಲ್ವ ಬೇಡವೆಂದ, ಭೀಷ್ಮನೂ ಬೇಡವೆಂದ, ತವರಿಗೂ ತಿರುಗಿ ಹೋಗಲಾರದ ಹೆಣ್ಣು ಅವಳು. ಮುಂದೆ ಶಿಖಂಡಿಯಾಗಿ ಹುಟ್ಟಿ ಗಂಡಾಗಿ ಯುದ್ಧಕ್ಕೆ ನಿಂತವಳು. ವಿಷ್ಣುವೇ ಮೋಹಿನಿಯಾಗುವ, ಅರ್ಜುನನೇ ಬೃಹನ್ನಳೆಯಾಗುವ ಕತೆಗಳನ್ನು ರಾತ್ರಿಯಿಡೀ ಕಣ್ಣರಳಿಸಿ ನೋಡುವ ನಾವು ಬೆಳಗಾದ ಮೇಲೆ ಒಬ್ಬ ಹುಡುಗನ ನಡಿಗೆಯನ್ನು ಅಣಕಿಸುತ್ತೇವೆ. ಪುರಾಣ ನಮಗೆ ಏನನ್ನೂ ಕಲಿಸಲಿಲ್ಲವೇ ಅಥವಾ ಕಲಿಯುವ ಕೆಲಸವನ್ನು ರಂಗಸ್ಥಳಕ್ಕೇ ಬಿಟ್ಟುಬಂದೆವೇ?

ಸ್ಪರ್ಧೆಯಲ್ಲಿ ಗೆದ್ದದ್ದು ಐವತ್ತು ದಾಟಿದ, ದಪ್ಪ ಮೈಯ, ಕಪ್ಪು ಬಣ್ಣದ ಒಬ್ಬ ಅಡುಗೆಯವರು. ಹಳೆಯ ಅಂಕಪಟ್ಟಿ ಇದ್ದಿದ್ದರೆ ಅವರು ಕೊನೆಯವರಾಗುತ್ತಿದ್ದರು. ಅವರ ಅಂಬೆ ಭೀಷ್ಮನನ್ನು ಬೈಯಲಿಲ್ಲ. ‘ನಿಮ್ಮ ಪ್ರತಿಜ್ಞೆಯನ್ನು ನೀವು ಕಾಪಾಡಿಕೊಂಡಿರಿ, ಅದರ ಬೆಲೆಯನ್ನು ನಾನು ಯಾಕೆ ತೆರಬೇಕು?’ ಎಂದು ಮೆಲ್ಲಗೆ ಕೇಳಿದರು. ಸಭೆ ಉಸಿರು ಬಿಗಿಹಿಡಿಯಿತು. ಎರಡನೆಯವನಾಗಿ ಆ ಹುಡುಗ ಬಂದ. ಅವನ ನಾಟ್ಯ ಎಲ್ಲರಿಗಿಂತ ಮೇಲು. ಅರ್ಥದಲ್ಲಿ ಅವಸರ ಮಾಡಿದ, ಪದ್ಯದ ಭಾವ ಇಳಿಯುವ ಮೊದಲೇ ಮಾತಿಗೆ ತೊಡಗಿದ. ತೀರ್ಪುಗಾರರು ಅವನಿಗೆ ಹೇಳಿದ್ದು ಇಷ್ಟೆ. ಅವನಿಗೆ ಬೇಕಾದದ್ದೂ ಇಷ್ಟೇ ಎಂದು ನನ್ನ ಊಹೆ: ತನ್ನ ವೇಷದ ಬಗ್ಗೆ ತಿಳಿದವರಿಂದ ಎರಡು ಖಂಡಿತವಾದ ಮಾತು. ಆಕ್ಷೇಪಿಸಿದ್ದ ಹಿರಿಯರು ಅವನನ್ನು ಕರೆದು, ‘ಮಗಾ, ಪದ್ಯ ಮುಗಿದ ಮೇಲೆ ಒಂದು ಉಸಿರು ನಿಲ್ಲು’ ಎಂದದ್ದನ್ನು ನಾನು ಕೇಳಿದೆ. ಅವರ ಅಭಿಪ್ರಾಯ ಬದಲಾಯಿತೆಂದು ನಾನು ಹೇಳುವುದಿಲ್ಲ. ವೇಷ ನೋಡಿದರು, ವೇಷದ ಬಗ್ಗೆ ಮಾತಾಡಿದರು.

ವೃತ್ತಿಮೇಳಗಳಲ್ಲಿ ಸ್ತ್ರೀಪಾತ್ರ ಇಂದಿಗೂ ಬಹುಮಟ್ಟಿಗೆ ಗಂಡಸರ ಕೈಯಲ್ಲೇ ಇದೆ. ಹವ್ಯಾಸಿ ತಂಡಗಳಲ್ಲಿ ಹುಡುಗಿಯರು ಗಂಡು ಹೆಣ್ಣು ಎರಡೂ ವೇಷಗಳನ್ನು ಚೆನ್ನಾಗಿ ಮಾಡುತ್ತಿದ್ದಾರೆ. ಹೆಣ್ಣಾಗಿ ಕಾಣುವುದೇ ಗುರಿಯಾದರೆ ಗಂಡಸರ ಸ್ತ್ರೀವೇಷಕ್ಕೆ ಇನ್ನು ಕೆಲಸವಿಲ್ಲ, ಹೆಣ್ಣುಮಕ್ಕಳೇ ಇದ್ದಾರಲ್ಲ. ಅದು ಉಳಿಯಬೇಕಾದರೆ ಕಲೆಯಾಗಿ ಉಳಿಯಬೇಕು. ಅರ್ಥ, ಹೆಜ್ಜೆ, ನೋಟಗಳ ಶಿಸ್ತಾಗಿ ಉಳಿಯಬೇಕು. ಆ ಶಿಸ್ತನ್ನು ಹಿಡಿಯಲು ಬರುವ ಹುಡುಗರಲ್ಲಿ ಕೆಲವರು ಗಂಡಸರನ್ನು ಪ್ರೀತಿಸುವವರು ಇರುತ್ತಾರೆ, ಹೆಚ್ಚಿನವರು ಅಲ್ಲ. ಬಾಗಿಲಲ್ಲಿ ನಿಂತು ಬೇರ್ಪಡಿಸುವ ಕೆಲಸ ಸಮಿತಿಯದಲ್ಲ. ಮುಂದಿನ ಸಲ ನಿಮ್ಮ ಊರಿನಲ್ಲಿ ಇಂಥ ಸ್ಪರ್ಧೆ ಇಟ್ಟರೆ ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸುವ ಮೊದಲು ಅಂಕಪಟ್ಟಿಯನ್ನು ಒಮ್ಮೆ ತರಿಸಿ ಓದಿ.